ತಿನ್ನದ ಹುಳಕ್ಕೆ ವಿಷವಿಲ್ಲ

ಮುಂಬೈಯ ಸಯನ್ ಸ್ಟೇಷನ್ನಿನಿಂದ ಧಾರಾವಿಯ ಕಡೆಗೆ ಹೋಗುವ ರಸ್ತೆಯಲ್ಲಿ, ಚರ್ಮದ ಬ್ಯಾಗು ಹೊಲಿಯುವ ಕಾರಖಾನೆಯ ಮೇಲಿನ ಮಹಡಿಯಲ್ಲಿ ಒಂದು ಪ್ರಯೋಗಾಲಯವಿತ್ತು. ಬೀಜದ ಕಂಪನಿಗಳು ತಮ್ಮ ಕುಲಾಂತರಿ ಹತ್ತಿಯನ್ನು ಅಲ್ಲಿಗೆ ಪರೀಕ್ಷೆಗೆ ಕೊಡುತ್ತಿದ್ದವು. ಆ ಹತ್ತಿಯೊಳಗಿನ ವಿಷ ಕಾಯಿಕೊರಕ ಹುಳವನ್ನು ಕೊಲ್ಲುವುದು ಎಲ್ಲರಿಗೂ ಗೊತ್ತಿದ್ದದ್ದೇ. ಕೊಲ್ಲಲೆಂದೇ ಅದನ್ನು ಬೀಜದಲ್ಲಿ ಸೇರಿಸಿದ್ದರು. ತಪ್ಪೇನೂ ಮಾಡದ ಹುಳಗಳನ್ನೂ, ಅಂದರೆ ರೈತನಿಗೆ ಬೇಕಾದವುಗಳನ್ನೂ, ಕೊಲ್ಲುತ್ತದೆಯೇ ಎಂದು ನೋಡಿ ಹೇಳುವುದು ಇಲ್ಲಿಯ ಕಸುಬು. ಕೊಲ್ಲುತ್ತದೆ ಎಂದು ಇಲ್ಲಿಂದ ಯಾರೂ ಇದುವರೆಗೆ ಹೇಳಿರಲಿಲ್ಲ. ಹಾಗಾಗಿ ಗಿರಾಕಿಗಳಿಗೆ ಕೊರತೆಯಿರಲಿಲ್ಲ.

ವಂದನಾ ಇಲ್ಲಿ ಹುಳ ಸಾಕುತ್ತಿದ್ದಳು. ಕೀಟಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿ ಬಂದಿದ್ದರೂ ಕೆಲಸ ಅದೇ. ಜೋಳದ ನುಚ್ಚಿನಲ್ಲಿ ಅಕ್ಕಿ ಪತಂಗ ಬೆಳೆಸಬೇಕು, ಪತಂಗದ ಮೊಟ್ಟೆಗಳ ಮೇಲೆ ಹತ್ತಿಯ ವಿಷ ಸಿಂಪಡಿಸಬೇಕು, ಆ ಮೊಟ್ಟೆಗಳನ್ನು ಕ್ರೈಸೋಪ ಎಂಬ ಹಸಿರು ರೆಕ್ಕೆಯ ಕೀಟದ ಮರಿಗಳಿಗೆ ಬಡಿಸಬೇಕು. ಹೊಲದಲ್ಲಿ ಹೇನು, ನುಸಿಗಳನ್ನು ತಿಂದು ರೈತನಿಗೆ ಬಿಟ್ಟಿ ಕೂಲಿ ಮಾಡುವ ಮರಿಗಳು ಅವು. ನುಚ್ಚಿಗೆ ಮಾತ್ರ ವಿಜಯಪುರದ ಬಿಳಿಜೋಳವೇ ಆಗಬೇಕೆಂದು ಅವಳು ದಾದರ್ ಮಾರ್ಕೆಟ್ಟಿನವರೆಗೆ ಹೋಗಿ ತರುತ್ತಿದ್ದಳು.

“ನಮಗ ರೇಶನ್ ಗೋದಿ, ಹುಳಕ್ಕ ಮಾಲದಂಡಿ ಜ್ವಾಳಾ,” ಎನ್ನುತ್ತಿದ್ದಳು ಅವಳ ತಾಯಿ ರಾಚವ್ವ. “ಮುಂದಿನ ಜನ್ಮದಾಗ ನಿಮ್ಮ ಆಫೀಸಿನ್ಯಾಗ ಹುಳಾ ಆಗಿ ಹುಟ್ಟತೀನಿ ತಗೋ.”

“ಬ್ಯಾಡಬೇ ಯವ್ವಾ. ಜ್ವಾಳಾ ತಿಂದ ಹುಳದ ತತ್ತೀನ ಮತ್ತೊಂದು ಹುಳ ತಿಂತೈತಿ.”

“ಮುಂಬೈ ಅಂದ ಮ್ಯಾಲ ಅಷ್ಟಿರೂದs.”

ಈ ಸಲವೂ ವಿಷದ ಮೊಟ್ಟೆ ಉಂಡ ಮರಿಗಳು ಗುಂಡುಕಲ್ಲಿನಂತಿದ್ದವು. ವರದಿ ಕಳಿಸುವ ಹೊತ್ತಾಗಿತ್ತು. ಸೂಕ್ಷ್ಮದರ್ಶಕದಲ್ಲಿ ಒಂದು ಮರಿಯ ಊಟವನ್ನು ಸುಮ್ಮನೆ ನೋಡುತ್ತ ಕುಳಿತಿದ್ದ ವಂದನಾ ಥಟ್ಟನೆ ತಲೆಯೆತ್ತಿದಳು. ಮರಿ ಮೊಟ್ಟೆಯನ್ನು ಅಗಿಯುವುದಿಲ್ಲ. ಎಳನೀರಿಗೆ ಸ್ಟ್ರಾ ಹಾಕಿದಂತೆ ಬಾಯ ಕೊಂಡಿ ಚುಚ್ಚಿ, ಒಳಗಿನದನ್ನು ಹೀರಿ, ಸಿಪ್ಪೆಯನ್ನು ಎಸೆಯುತ್ತದೆ. ವಿಷ ಇರುವುದು ಸಿಪ್ಪೆಯ ಮೇಲೆ. ಎಳನೀರ ಬುರುಡೆಗೆ ಹೊರಗಿನಿಂದ ವಿಷ ಬಳಿದು, ಕುಡಿದವನು ಸಾಯಲಿಲ್ಲವಾದ್ದರಿಂದ ವಿಷ ನಿರಪಾಯಕಾರಿ ಎಂದು ಸರ್ಟಿಫಿಕೇಟು ಕೊಟ್ಟಂತಾಗಿತ್ತು. ಮರಿ ಹೀರಿಯೇ ತಿನ್ನುತ್ತದೆ ಎಂಬುದು ಪಠ್ಯಪುಸ್ತಕದ ಸಂಗತಿ. ಆದರೆ ಪರೀಕ್ಷೆಯ ವಿಧಾನ ವಿಲಾಯಿತಿಯಿಂದ ಬಂದಿತ್ತು. ಅಲ್ಲಿಂದ ಬಂದದ್ದರ ಎದುರು ಪಠ್ಯಪುಸ್ತಕ ನೆನಪಿಸಿಕೊಳ್ಳುವ ರೂಢಿ ನಮ್ಮಲ್ಲಿಲ್ಲ.

ಮರುದಿನ ಅವಳು ವಿಷದ ದ್ರಾವಣಕ್ಕೆ ಜಿಲೇಬಿಗೆ ಹಾಕುವ ಕೇಸರಿ ಬಣ್ಣ ಬೆರೆಸಿ ಸಿಂಪಡಿಸಿದಳು. ಮರಿಗಳು ಉಂಡು ಮುಗಿಸಿದವು. ಸಿಪ್ಪೆಗಳೆಲ್ಲ ಕೇಸರಿ, ಒಂದು ಮರಿಯ ಹೊಟ್ಟೆಯಲ್ಲೂ ಬಣ್ಣದ ಸುಳಿವಿಲ್ಲ. ಫೋಟೋ ತೆಗೆದುಕೊಂಡು ಪ್ರಯೋಗಾಲಯದ ಮುಖ್ಯಸ್ಥ ರಾಮಸ್ವಾಮಿಯವರ ಕೋಣೆಗೆ ಹೋದಳು. ಮೈಸೂರಿನ ಕಡೆಯವರು, ನಿವೃತ್ತಿಯ ಅಂಚಿನಲ್ಲಿದ್ದವರು, ಯಾರ ಮೇಲೂ ದನಿಯೇರಿಸಿದವರಲ್ಲ.

“ಸರ್, ವಿಷಾ ಅದರ ಹೊಟ್ಟ್ಯಾಗ ಹೋಗೇ ಇಲ್ಲರಿ. ಹೊಲದಾಗ ಹಿಂಗಲ್ಲ. ಅಲ್ಲಿ ಹತ್ತೀ ಎಲಿ ತಿಂದ ನುಸಿ, ಎಳೀ ಹುಳಾನ ಇದರ ಊಟ. ವಿಷಾ ಆ ಊಟದ ಒಳಗs ಇರತೈತಿ. ಎಲಿ ತಿಂದ ಹುಳಾನ ಹಾಕಿ ಮತ್ತೊಮ್ಮೆ ಪರೀಕ್ಷಾ ಮಾಡೂಣ್ರಿ. ಅಲ್ಲೀತನಕ ವರದಿ ಕಳಸೂದು ಬ್ಯಾಡ.”

ರಾಮಸ್ವಾಮಿ ಫೋಟೋವನ್ನು ಬಹಳ ಹೊತ್ತು, ಮೊಮ್ಮಗುವಿನ ಚಿತ್ರ ನೋಡುವವರಂತೆ ನೋಡಿದರು.

“ಭೇಷ್ ಕಣಮ್ಮ. ಬರ್ದು ಕೊಡಿ, ವರದಿಗೆ ಸೇರಿಸೋಣ. ಆದ್ರೆ ನಮ್ಮ ಪದ್ಧತಿ ಗೊತ್ತಲ್ಲ? ಕಣ್ಣಿಗೆ ಕಂಡಿದ್ದಷ್ಟೇ. ‘ಆದ್ದರಿಂದ’ ಅನ್ನೋ ಮಾತು ನಮ್ಮ ಲ್ಯಾಬಲ್ಲಿ ಬರಿಯೋ ಹಾಗಿಲ್ಲ. ಅದು ಓದೋರಿಗೆ ಬಿಟ್ಟಿದ್ದು.”

ವಂದನಾಳಿಗೆ ಆ ಪದ್ಧತಿಯ ಮೇಲೆ ಭಕ್ತಿಯೇ ಇತ್ತು. ಸಿಪ್ಪೆಯ ಮೇಲೆ ಬಣ್ಣವಿತ್ತು, ಮರಿಯ ಹೊಟ್ಟೆಯಲ್ಲಿ ಬಣ್ಣ ಕಾಣಲಿಲ್ಲ, ಮರಿಗಳು ವಿಷವನ್ನು ಸೇವಿಸಿದ ಲಕ್ಷಣವಿಲ್ಲ: ಇಷ್ಟನ್ನೇ ಬರೆದು, ಕೆಳಗೆ ರುಜು ಹಾಕಿದಳು. ಇಷ್ಟು ಓದಿದವನಿಗೆ ಪರೀಕ್ಷೆಯೇ ಪೊಳ್ಳು ಎಂದು ಹೊಳೆಯದಿದ್ದೀತೇ ಎಂಬ ಧೈರ್ಯ. ಆ ವಾರವೆಲ್ಲ ಅವಳು ಹತ್ತಿಯ ಎಲೆಯ ಮೇಲೆ ನುಸಿ ಸಾಕುವ ಸಿದ್ಧತೆಯಲ್ಲಿದ್ದಳು.

ಅಷ್ಟರಲ್ಲಿ ಆ ಹತ್ತಿಯ ಬೀಜದ ಕಂಪನಿಯ ಸಂದೀಪ ಪೇಡೆಯ ಡಬ್ಬಿ ಹಿಡಿದುಕೊಂಡು ಬಂದ. ಬೆಳಗಾವಿಯಲ್ಲಿ ಬೀಜ ಮಾರುತ್ತ ಕನ್ನಡ ಕಲಿತವನು. ರಾಮಸ್ವಾಮಿ ವಂದನಾಳನ್ನು ಕರೆಸಿದರು.

“ಮ್ಯಾಡಂ, ಕಮಾಲ್ ಮಾಡಿದ್ರಿ!” ಎಂದ ಸಂದೀಪ. “ಇಷ್ಟು ವರ್ಷ ನಾವು, ಹುಳಾ ವಿಷ ತಿಂದ್ರೂ ಸಾಯೂದಿಲ್ಲ ಅಂತಿದ್ವಿ. ಯಾರೂ ನಂಬ್ತಿರಲಿಲ್ಲ. ನೀವು, ತಿನ್ನೂದೇ ಇಲ್ಲ ಅಂತ ಫೋಟೋ ಸಮೇತ ತೋರಿಸೇಬಿಟ್ರಿ! ತಿನ್ನೂದೇ ಇಲ್ಲ ಅಂದ್ಮ್ಯಾಲ ಖತರಾ ಎಲ್ಲಿಂದ ಬರ್ತದ? ಬ್ರೋಶರಿನ ಕವರಿಗೆ ಅದೇ ಫೋಟೋ, ಕೆಳಗ ನಿಮ್ಮ ಹೆಸರು.”

“ನಾ ಹಂಗ ಬರದಿಲ್ಲರಿ! ನಾ ಹೇಳಿದ್ದು, ಪರೀಕ್ಷಾನ ತಪ್ಪೈತಿ ಅಂತ.”

“ಎಲ್ಲಿ ಬರ್ದೀರಿ, ತೋರಸ್ರಿ.”

ವಂದನಾ ರಾಮಸ್ವಾಮಿಯವರ ಮುಖ ನೋಡಿದಳು. ಅವರು ಪ್ರತಿಯನ್ನು ಅವಳ ಮುಂದೆ ಮೆಲ್ಲಗೆ ಸರಿಸಿದರು.

“ಒಂದು ಸುಳ್ಳು ಸಾಲು ತೋರ್ಸಿ, ಈಗಲೇ ಹೊಡೆದು ಹಾಕ್ತೀನಿ.”

ಅವಳು ಓದಿದಳು. ಎಲ್ಲವೂ ಸತ್ಯ. ಎಲ್ಲವೂ ಅವಳದೇ ವಾಕ್ಯ.

“ಹಂಗಾರ ಒಂದು ಸಾಲು ಸೇರಸತೀನ್ರಿ ಸರ್.”

“ಇನ್ನು ಸೇರಿಸಿದ್ರೆ ಅದು ಅಭಿಪ್ರಾಯ ಆಗುತ್ತಮ್ಮ. ವರದಿ ಆಗಲೇ ದೆಹಲಿಗೆ, ಬೀಜಕ್ಕೆ ಅನುಮತಿ ಕೊಡೋ ಸಮಿತಿಗೆ ಹೋಯ್ತು.” ಅವರ ದನಿಯಲ್ಲಿ ನಿಜವಾದ ಮರುಕವಿತ್ತು, ಹೀಗಾಗುವುದು ಅವರಿಗೆ ಮೊದಲೇ ಗೊತ್ತಿತ್ತೆಂದು ಅವಳಿಗೆ ಅರ್ಥವಾದದ್ದು ಆ ಮರುಕದಿಂದಲೇ. “ನುಸಿ ಸಾಕೋದು ನಿಲ್ಲಿಸಿಬಿಡಿ. ಅದನ್ನ ಯಾರೂ ಕೇಳಿಲ್ಲ.”

ಸಂದೀಪ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡ.

“ಇನ್ನ ಜೇನುಹುಳದ ಟೆಸ್ಟ್ ಅದ. ಅದಕ್ಕೂ ಹಿಂಗs ಏನಾರ ಹೇಳ್ರಿ ಮ್ಯಾಡಂ. ನಮ್ಮ ಹತ್ತ್ಯಾಗ ಜೇನುಹುಳ ಮುಟ್ಟದೇ ಬಿಡೂದು ಏನು?”

ಉತ್ತರಿಸಬಾರದೆಂದು ವಂದನಾ ಪ್ರತಿಯ ಹಾಳೆಗಳನ್ನು ಜೋಡಿಸತೊಡಗಿದಳು. ಕೆಳಗೆ ಹೊಲಿಗೆ ಯಂತ್ರಗಳು ಒಂದೇ ಸಮನೆ ಕುಟ್ಟುತ್ತಿದ್ದವು. ಇಬ್ಬರೂ ಅವಳ ಬಾಯನ್ನೇ ನೋಡುತ್ತಿದ್ದರು. ಶಾಲೆಯಲ್ಲಿ ಅವಳು ಮುಂದಿನ ಬೆಂಚಿನ ಹುಡುಗಿ. ಪ್ರಶ್ನೆ ಕೇಳಿ ಮೇಷ್ಟರು ಸುಮ್ಮನೆ ನಿಂತರೆ ಆ ಮೌನವನ್ನು ತಡೆದುಕೊಳ್ಳಲು ಅವಳಿಂದ ಎಂದೂ ಆದದ್ದಿಲ್ಲ.

“ಪರಾಗ,” ಎಂದುಬಿಟ್ಟಳು. “ಹತ್ತೀ ಪರಾಗಕ್ಕ ಮುಳ್ಳು ಇರತಾವು. ಜೇನುಹುಳಕ್ಕ ಅದನ್ನ ಉಂಡಿ ಕಟ್ಟಿ ಒಯ್ಯಾಕ ಬರೂದಿಲ್ಲ, ಬಿಟ್ಟು ಹೋಗತೈತಿ. ಮಕರಂದ ಮಾತ್ರ ಕುಡೀತೈತಿ.”

“ವಾಹ್,” ಎಂದು ಸಂದೀಪ ಫೋನಿನಲ್ಲಿ ಬರೆದುಕೊಂಡ. “ಪರಾಗದ್ದs ಟೆಸ್ಟ್ ಮಾಡೂಣು. ಮಕರಂದದ ಮಾತು ಬಿಡ್ರಿ.”