ತಾತ್ಕಾಲಿಕ ವ್ಯವಸ್ಥೆ

"ಒಳಗೆ ಕಾಗದ ಇದೆ ಸಾರ್," ಎಂದ, ಚರ್ಚಿನ ಆರ್ಗನ್ನಿನ ಹೊಟ್ಟೆಯೊಳಕ್ಕೆ ಮೊಣಕೈವರೆಗೂ ಕೈ ಇಳಿಸಿದ್ದ ರಿಪೇರಿಯವನು.

ಪಕ್ಕದಲ್ಲಿ ನಿಂತಿದ್ದ, ಆ ಆರ್ಗನ್ ನುಡಿಸುವ ಹಿರಿಯರಿಗೆ ಅದು ಗೊತ್ತಿತ್ತು. ಆದರೂ ಕನ್ನಡಕ ತೆಗೆದು ಒರೆಸತೊಡಗಿದರು. ಎಂಬತ್ತಮೂರನೆಯ ವಯಸ್ಸಿನಲ್ಲಿ ಕನ್ನಡಕದಷ್ಟು ಅನುಕೂಲದ ವಸ್ತು ಬೇರೆ ಇಲ್ಲ. ಅದನ್ನು ಒರೆಸುತ್ತಿರುವಷ್ಟು ಹೊತ್ತು ಯಾರೂ ಏನನ್ನೂ ನೋಡಿ ಎನ್ನುವುದಿಲ್ಲ.

ರಿಪೇರಿಯವನು ಚಿಮಟದಿಂದ ಅದನ್ನು ಎಳೆದು ತೆಗೆದ. ಎಂಟು ಮಡಿಕೆಯ, ಹಳೆಯ ಹಲ್ಲಿನ ಬಣ್ಣಕ್ಕೆ ತಿರುಗಿದ್ದ ಕಾಗದ.

"ಇದಕ್ಕೇ ಈ ಮನೆ ಸತ್ತಿದ್ದು. ನೀರು ನುಗ್ಗಿ ಕೆಟ್ಟಿದೆ ಅಂದಿದ್ರಿ. ನೀರೂ ಇಲ್ಲ, ಗೀರೂ ಇಲ್ಲ. ಯಾರೋ ಬೇಕಂತಲೇ ಸಿಕ್ಕಿಸಿದ್ದಾರೆ."

ವಾದ್ಯದ ಪ್ರತಿಯೊಂದು ಪಟ್ಟಿಯನ್ನೂ ಮನೆ ಎನ್ನುವುದು ರೂಢಿ. ನಡುವಿನ ಆ ಒಂದು ಬಿಳಿ ಪಟ್ಟಿ ಮೂವತ್ತೆಂಟು ವರ್ಷಗಳಿಂದ ಎಲ್ಲರ ಬಾಯಲ್ಲೂ ಸತ್ತ ಮನೆಯಾಗಿತ್ತು. ಹಾಡುವ ತಂಡಕ್ಕೆ ಹೊಸಬರು ಸೇರಿದಾಗ ಹಳಬರು, ಸತ್ತ ಮನೆಯ ಬಾಗಿಲು ತಟ್ಟಬೇಡಿ, ಯಾರೂ ಓಗೊಡುವುದಿಲ್ಲ ಎಂದು ನಗೆಯಾಡುತ್ತಿದ್ದರು.

ರಿಪೇರಿಯವನು ಕಾಗದವನ್ನು ಬಿಡಿಸಿದ. "ಏನೋ ಬರೆದಿದ್ದಾರೆ. 'ತಾತ್ಕಾಲಿಕ ವ್ಯವಸ್ಥೆ.' ಕೆಳಗೆ ತಾರೀಕು. ಪಕ್ಕದಲ್ಲಿ ಹುಳ ಹರಿದ ಹಾಗೆ ಏನೋ ಗೀಚಿದೆ."

"ಕೊಡಿ."

ಕೊಟ್ಟ. ಅವರು ಓದಲಿಲ್ಲ. ಅಂಗಿಯ ಜೇಬಿಗೆ ಇಳಿಸಿ ಮೇಲೆ ಅಂಗೈ ಒತ್ತಿಕೊಂಡರು. ಮೂರನೆಯ ಸಾಲಿನ ಬೆಂಚು ಒರೆಸುತ್ತಿದ್ದ ಹೆಂಗಸಿನ ಕೈ ನಿಂತಿತು. ಅವಳು, ಹಿಂದೆ ಚರ್ಚಿನ ಗಂಟೆ ಬಾರಿಸುತ್ತಿದ್ದ ಗಂಟೆಯವನ ಮಗಳು.

ಆ ಹುಳ ಅವರ ಚಿಕ್ಕ ರುಜು. ಹತ್ತೊಂಬತ್ತನೆಯ ವಯಸ್ಸಿಗೆ ಬ್ಯಾಂಕಿನ ಗುಮಾಸ್ತರಾಗಿ ಸೇರಿ, ಅದೇ ಶಾಖೆಯ ಮ್ಯಾನೇಜರಾಗಿ ನಿವೃತ್ತರಾಗುವವರೆಗೆ, ತಿದ್ದಿದ ಪ್ರತಿ ಅಕ್ಷರದ ಪಕ್ಕದಲ್ಲೂ ಅವರು ಅದನ್ನು ಹಾಕಿದ್ದರು. ರುಜು ಇಲ್ಲದ್ದು ನಡೆದೇ ಇಲ್ಲ ಎಂಬುದು ಅವರ ಧರ್ಮ. ಕ್ರಮೇಣ ಮನೆಯ ಔಷಧಿಯ ಬಾಟಲಿ, ಗೋಡೆಯ ಕ್ಯಾಲೆಂಡರು, ಮಗಳು ಶಾಲೆಗೆ ಬರೆದ ಪ್ರಬಂಧ ಯಾವುದೂ ಆ ಹುಳದಿಂದ ತಪ್ಪಿಸಿಕೊಳ್ಳಲಿಲ್ಲ. ನೀವು ಮುತ್ತು ಕೊಟ್ಟರೂ ತಾರೀಕು ಹಾಕಿ ಕೊಡುತ್ತೀರಿ ಎಂದು ಹೆಂಡತಿ ಬದುಕಿದ್ದಾಗ ಹಂಗಿಸುತ್ತಿದ್ದಳು. ಊರು ಅವರನ್ನು ಚಿಕ್ಕರುಜು ಸಾಹೇಬರು ಎಂದು ಕರೆಯಿತು. ಅಣಕದೊಳಗೆ ಗೌರವವೂ ಇತ್ತು: ಚಿಕ್ಕರುಜು ಸಾಹೇಬರ ಕೈ ಶುದ್ಧ. ಅದೇ ಕೈಗಳು ಅರವತ್ತು ವರ್ಷ ಪ್ರತಿ ಭಾನುವಾರ ಆರ್ಗನ್ ನುಡಿಸಿದ್ದವು. ನಾಳೆ ಅದಕ್ಕಾಗಿ ಸನ್ಮಾನ. ವಾದ್ಯದ ರಿಪೇರಿ ಅವರಿಗೆ ಚರ್ಚಿನ ಕಾಣಿಕೆ. ಬೇಡವೆಂದು ಮೂರು ಬಾರಿ ಹೇಳಿದ್ದರು. ಅದನ್ನು ವಿನಯವೆಂದು ತಿಳಿಯಲಾಯಿತು.

ಮೂವತ್ತೆಂಟು ವರ್ಷದ ಹಿಂದೆ, ಒಂದು ಶನಿವಾರ, ಆ ಮನೆ ಬೆರಳು ತೆಗೆದ ಮೇಲೂ ಸುಮ್ಮನಾಗದೆ ತಾನೇ ತಾನಾಗಿ ಕೂಗುತ್ತ ನಿಂತಿತ್ತು. ಮರುದಿನದ ಆರಾಧನೆಗೆ ಹಿರಿಯ ಧರ್ಮಾಧಿಕಾರಿಗಳು ಬರುವವರಿದ್ದರು. ಚಿಕ್ಕರುಜು ಸಾಹೇಬರು ವಾದ್ಯದ ಹಿಂದಿನ ಹಲಗೆ ತೆಗೆದು, ಬ್ಯಾಂಕಿನ ಚೀಟಿಯೊಂದನ್ನು ಮಡಿಸಿ, ಒಳಗಿನ ಮುಚ್ಚಳ ತೆರೆಯದಂತೆ ಸಿಕ್ಕಿಸಿದರು. ಮಡಿಸುವ ಮೊದಲು ಬರೆದು ರುಜು ಹಾಕಿದರು. ಹಾಕದಿದ್ದರೆ ಕೈ ಕೇಳುತ್ತಿರಲಿಲ್ಲ. ಸೋಮವಾರ ತೆಗೆಯುವುದೆಂದಿತ್ತು. ಸೋಮವಾರ ಬ್ಯಾಂಕಿಗೆ ತಪಾಸಣೆಯವರು ಬಂದರು. ಮಂಗಳವಾರ ಚರ್ಚಿನ ಸಮಿತಿ ಸೇರಿ ನಿರ್ಣಯಿಸಿತು: ಶನಿವಾರ ಮಳೆ ಬಂದಿದೆ, ಕಿಟಕಿ ತೆರೆದಿತ್ತು, ನೀರು ನುಗ್ಗಿ ವಾದ್ಯ ಕೆಟ್ಟಿದೆ, ಗಂಟೆಯವನ ಅಲಕ್ಷ್ಯ.

ಯಾರೂ ಅವರನ್ನು ಏನೂ ಕೇಳಲಿಲ್ಲ. ಅವರು ಕಾರ್ಯದರ್ಶಿ, ನಡಾವಳಿ ಬರೆದರು. ಗಂಟೆಯವನನ್ನು ಕೆಲಸದಿಂದ ತೆಗೆದ ಸಾಲಿನ ಕೆಳಗೆ ರುಜು ಹಾಕಿದರು. ಪೂರ್ತಿ ರುಜು.

ಕಾಗದ ತೆಗೆದರೆ ಮನೆ ಬದುಕುತ್ತದೆ. ಮನೆ ಬದುಕಿದರೆ ನಡಾವಳಿ ಸಾಯುತ್ತದೆ. ಆದ್ದರಿಂದ ಅವರು ಬೆರಳುಗಳಿಗೆ ಬಳಸುದಾರಿ ಕಲಿಸಿದರು. ಊರು ಅದನ್ನು ಶೈಲಿ ಎಂದಿತು. ಗಂಟೆಯವನು ಮರದ ಮಂಡಿಯಲ್ಲಿ ಹೊರೆ ಹೊತ್ತು ಆರು ವರ್ಷಕ್ಕೆ ಸತ್ತ. ಆಗ ಅವನ ಮಗಳಿಗೆ ಚರ್ಚು ಗುಡಿಸುವ ಕೆಲಸ ಕೊಡಿಸಿದವರು ಇವರೇ. ಊರು ಅದನ್ನು ದಯೆ ಎಂದಿತು. ಇವರು ಸುಳ್ಳು ಹೇಳಿದವರಲ್ಲ. ಸುಳ್ಳು ಹೇಳದೆಯೂ ಒಂದು ಮನೆಯನ್ನು ಮುಚ್ಚಿಸಬಹುದೆಂದು ಯಾವ ಪಾಠದಲ್ಲೂ ಬರೆದಿರುವುದಿಲ್ಲ.

ಹನ್ನೊಂದಕ್ಕೆ ಪಾದ್ರಿಗಳು ಬಂದರು. ಚಿಕ್ಕ ವಯಸ್ಸಿನವರು, ಎಲ್ಲವನ್ನೂ ಸಂತೋಷದಿಂದ ಕೇಳುವವರು. ರಿಪೇರಿಯವನು ಕಾಗದದ ಸಂಗತಿ ಹೇಳಿದ.

"ಆ ಹಳೇ ಗಂಟೆಯವನೇ ಇರ್ಬೇಕು," ಎಂದರು ಪಾದ್ರಿಗಳು. "ಹಾಳು ಮಾಡಿ, ಮುಚ್ಚೋಕೆ ಕಾಗದ ತುರುಕಿದ್ದಾನೆ. ನಿಮಗೆ ನೆನಪಿರಬೇಕಲ್ಲ ಸಾಹೇಬ್ರೇ?"

"ಬಹಳ ವರ್ಷ ಆಯ್ತು."

"ನಮ್ಮಪ್ಪನಿಗೆ ಬರೆಯೋಕೆ ಬರ್ತಿರ್ಲಿಲ್ಲ," ಎಂದಳು ಬೆಂಚಿನ ಬಳಿಯಿಂದ ಮಗಳು. ದನಿ ಏರಿಸಲಿಲ್ಲ. "ಹೆಬ್ಬೆಟ್ಟು ಒತ್ತೋನು."

ಪಾದ್ರಿಗಳು ಅವಳನ್ನೂ ಸಾಹೇಬರನ್ನೂ ನೋಡಿದರು. "ಹಾಗಾದ್ರೆ ಯಾರ ಬರಹ ಅದು? ಎಲ್ಲಿದೆ ಕಾಗದ?"

"ಇಲ್ಲೇ ಎಲ್ಲೋ ಇಟ್ಟೆ," ಎಂದರು ಅವರು.

ಅಂಗೈ ಜೇಬಿನ ಮೇಲೇ ಇತ್ತು. ಈಗ ಹೇಳಬಹುದಿತ್ತು. ಒಂದು ವಾಕ್ಯ, ಬ್ಯಾಂಕಿನಲ್ಲಿ ಇದಕ್ಕಿಂತ ಕಠಿಣವಾದವನ್ನು ಎಷ್ಟೋ ಬರೆದಿದ್ದರು. ವಾಕ್ಯ ನಾಲಿಗೆಯವರೆಗೆ ಬಂತು, ಅಭ್ಯಾಸದಂತೆ ಬಳಸಿಕೊಂಡು ಬೇರೆಡೆಗೆ ಹೋಯಿತು. ನಾಳೆ ಕುರ್ಚಿ ಎಷ್ಟು ಬೇಕಾದೀತು ಎಂದು ಕೇಳಿದರು. ಪಾದ್ರಿಗಳು ಕುರ್ಚಿಯ ಮಾತಿಗೆ ಹೊರಳಿದರು. ಮಗಳು ಮತ್ತೆ ಬೆಂಚು ಒರೆಸತೊಡಗಿದಳು, ಒರೆಸಿದ ಬೆಂಚನ್ನೇ.

ಹೊರಡುವಾಗ ರಿಪೇರಿಯವನು, ಸ್ಪ್ರಿಂಗು ಸೋತಿದೆ, ಹೊಸದು ತರಲು ಸೋಮವಾರವಾಗುತ್ತದೆ, ಅಲ್ಲಿಯವರೆಗೆ ಆ ಮನೆಯನ್ನು ಮೆತ್ತಗೆ ಒತ್ತಿ ಎಂದ. ಹಿಂದಿನ ಹಲಗೆಗೆ ತಿರುಪು ಹಾಕಿಲ್ಲವೆಂದೂ ಹೇಳಿದ.

ಅವರು ಮನೆಗೆ ಹೋಗಲಿಲ್ಲ. ಕಾಗದವನ್ನು ಹರಿದರಾಯಿತು ಎಂದುಕೊಂಡು ಎರಡು ಬಾರಿ ಜೇಬಿಗೆ ಕೈ ಹಾಕಿದರು. ರುಜು ಇರುವ ಕಾಗದವನ್ನು ಹರಿದು ಅವರಿಗೆ ಗೊತ್ತಿರಲಿಲ್ಲ.

ಸಂಜೆ ಐದಕ್ಕೆ ಹಾಡುವವರು ಎಂಟು ಜನ ಬಂದರು. ಮೊದಲ ಕೀರ್ತನೆಯಲ್ಲಿ ಬೆರಳುಗಳು ಆ ಮನೆಯನ್ನು ಬಳಸಿ ಹೋದವು. ಎಂಟು ಗಂಟಲುಗಳೂ ಬಳಸಿ ಹೋದವು. ಪಾದ್ರಿಗಳು ಕೈಯೆತ್ತಿ ತಡೆದು, ಬದುಕಿ ಬಂದ ಸ್ವರಕ್ಕೆ ಮರ್ಯಾದೆ ಕೊಡಿ ಎಂದು ನಕ್ಕರು.

ಅವರು ಒತ್ತಿದರು.

ತಂಡ ಮುಗ್ಗರಿಸಿ ನಿಂತಿತು. ಕೀರ್ತನೆಯನ್ನು ಅದು ಇರುವ ಹಾಗೆ ಅಲ್ಲಿ ಯಾರೂ ಕೇಳಿರಲಿಲ್ಲ. ಅವರು ಬೆರಳು ತೆಗೆದರು. ಸ್ವರ ನಿಲ್ಲಲಿಲ್ಲ. ಗಾಳಿ ತುಂಬುವ ಕಾಲುಮಣೆ ತುಳಿಯುವುದನ್ನು ನಿಲ್ಲಿಸಿದರು, ಅದು ನರಳಿಕೊಂಡು ಇಳಿಯಿತು. ಮತ್ತೆ ತುಳಿದರು, ಬೇರೆ ಯಾವ ಸ್ವರಕ್ಕೂ ಮೊದಲು ಅದೇ ಎದ್ದು ಬಂತು.

"ನಾಳೆ ಜನ ಬರ್ತಾರೆ ಸಾಹೇಬ್ರೇ," ಎಂದರು ಪಾದ್ರಿಗಳು. "ತಾತ್ಕಾಲಿಕವಾಗಿ ಏನಾದ್ರೂ ಮಾಡೋಕಾಗುತ್ತಾ?"

ಅವರು ಎದ್ದು ವಾದ್ಯದ ಹಿಂದೆ ಹೋಗಿ ಗೋಡೆ ಹಿಡಿದು ಮಂಡಿಯೂರಿದರು. ತಂಡದಲ್ಲಿದ್ದ ದರ್ಜಿ ಪೀಠದ ಮೇಲೆ ಕೂತು ತುಳಿಯತೊಡಗಿದ. ಸ್ವರ ನಿಂತಿತೋ ಇಲ್ಲವೋ ತಿಳಿಯಬೇಕಲ್ಲ. ಹಲಗೆ ಸರಿಸಿದರೆ ಒಳಗೆ ಕತ್ತಲೆ.

"ಬೆಳಕು ಹಿಡೀಲಾ?"

ಗಂಟೆಯವನ ಮಗಳು ಟಾರ್ಚು ಹಿಡಿದು ಪಕ್ಕದಲ್ಲಿ ಕೂತಳು. ಸುತ್ತ ಹಾಡಿನ ಹಾಳೆಗಳು ಬೇಕಾದಷ್ಟು ಬಿದ್ದಿದ್ದವು. ಅವರ ಕೈ ಜೇಬಿಗೆ ಹೋಯಿತು. ಕೈಯನ್ನು ಕಳಿಸಿದವರು ತಾವೇ ಎಂದು ಅವರಿಗೆ ಅನ್ನಿಸಲಿಲ್ಲ. ಅರೆಬಿಚ್ಚಿದ ಕಾಗದ ಬೆರಳುಗಳ ನಡುವೆ ಹಳೆಯ ಮಡಿಕೆಗಳನ್ನು ನೆನಪಿಸಿಕೊಂಡು ತಾನೇ ಮುದುಡತೊಡಗಿತು.

ಬೆಳಕು ಆರ್ಗನ್ನಿನ ಬಾಯಿಂದ ಸರಿದು ಕಾಗದದ ಮೇಲೆ ಬಂದು ನಿಂತಿತು. ಅವಳು ಹೆಚ್ಚು ಓದಿದವಳಲ್ಲ. ಆದರೆ ಮೂವತ್ತೆರಡು ವರ್ಷ, ಪ್ರತಿ ತಿಂಗಳು, ಸಂಬಳದ ಚೀಟಿಯ ಮೂಲೆಯಲ್ಲಿ ಆ ಹುಳವನ್ನು ನೋಡಿದ್ದಳು.

"ನಿಂತಿತಾ?" ಎಂದು ಪಾದ್ರಿಗಳು ಆಚೆಯಿಂದ ಕೇಳಿದರು.

ಕಾಗದ ಹಿಡಿದ ಸಾಹೇಬರ ಕೈ ಜೇಬಿಗೂ ಆರ್ಗನ್ನಿನ ಕಂಡಿಗೂ ನಡುವೆ ನಿಂತುಬಿಟ್ಟಿತು. ಟಾರ್ಚಿನ ಬೆಳಕು ಕಾಗದವನ್ನು ಬಿಟ್ಟು ಕದಲಲಿಲ್ಲ.

"ಇನ್ನೂ ಹತ್ರ ಹಿಡೀಲಾ ಸಾಹೇಬ್ರೇ?" ಎಂದಳು ಅವಳು.

ಆಚೆ ದರ್ಜಿ ತುಳಿಯುತ್ತಲೇ ಇದ್ದ. ಸತ್ತ ಮನೆ ಕೂಗುತ್ತಲೇ ಇತ್ತು.