ಹೊಸ ಪೀಕಿನ ತವರುಮನೆ

ಸತುವಿನ ದ್ರಾವಣಕ್ಕೆ ಕ್ಷಾರ ಹನಿಸಿ, ತೊಳೆದು, ಒಣಗಿಸಿ, ಕುಲುಮೆಯಲ್ಲಿ ಸುಟ್ಟು ಐದು ವರ್ಷದಲ್ಲಿ ನಾನು ಗಳಿಸಿದ ಆಸ್ತಿ ಒಂದು ಚಮಚ ಬಿಳಿ ಪುಡಿ.

“ಇಷ್ಟಕ್ಕೆ ಐದು ವರ್ಷ ಬೇಕಾಯ್ತಾ? ಗೋಡೆ ಸುಣ್ಣ ಕೆರೆದಿದ್ರೂ ಇಷ್ಟು ಬರ್ತಿತ್ತಲ್ಲೇ,” ಎಂದಳು ಅಮ್ಮ.

ಇದು ಸತುವಿನ ಆಕ್ಸೈಡ್, ಒಂದೊಂದು ಕಣವೂ ಕೂದಲಿಗಿಂತ ಸಾವಿರಾರು ಪಟ್ಟು ಸಣ್ಣದು ಎಂದೆ.

“ಕಣ್ಣಿಗೇ ಕಾಣದ್ದಕ್ಕೆ ಡಾಕ್ಟರ್ ಪದವಿ ಕೊಡ್ತಾರಾ?”

ಕೊಡುತ್ತಾರೆ, ಆದರೆ ಅದರಲ್ಲಿ ಏನಾದರೂ ಹೊಸದಿರಬೇಕು. ಪುಣ್ಯಕ್ಕೆ ಸಿಕ್ಕಿತ್ತು. ಪುಡಿಯ ಎಕ್ಸ್‌ರೇ ನಕ್ಷೆಯಲ್ಲಿ, ಸತುವಿನ ಆಕ್ಸೈಡಿನ ಗುರುತು ಹೇಳುವ ಚೂಪು ಶಿಖರಗಳ, ಅಂದರೆ ಪೀಕುಗಳ, ಸಾಲಿಗೆ ಮುಂಚೆ, ಕರೆಯದೆ ಬಂದ ನೆಂಟನಂತೆ ಒಂದು ಪೀಕು. ನಮ್ಮ ಗೈಡ್ ಮಹಾಶಯರು ಅದು ಯಾರದೆಂದು ವಿಚಾರಿಸುವ ಗೋಜಿಗೇ ಹೋಗದೆ, “ಜಗತ್ತು ಕಾಣದ ಹೊಸ ರೂಪ ಕಣಮ್ಮ,” ಎಂದು ಪ್ರಬಂಧದ ಹೆಸರನ್ನೇ ಬದಲಿಸಿದರು. ನನ್ನ ಪದವಿ ಆ ಒಂದು ಪೀಕಿನ ಮೇಲೆ ನಿಂತಿತು.

ಮೌಖಿಕ ಪರೀಕ್ಷೆಯ ಹಿಂದಿನ ದಿನ ಇನ್ನೊಮ್ಮೆ ಅಳೆಯಲು ಹೋದೆ. ಪುಡಿ ಕಡಿಮೆ ಇದ್ದರೆ ಯಂತ್ರದ ತಟ್ಟೆಯ ಗುಳಿಯಲ್ಲಿ ಮಕ್ಕಳು ಆಡುವ ಬಣ್ಣದ ಮಣ್ಣನ್ನು ಒತ್ತಿ, ಅದರ ಮೇಲೆ ಪುಡಿಯನ್ನು ತೆಳ್ಳಗೆ ಸವರುವುದು ನಮ್ಮ ಪದ್ಧತಿ. ಯಂತ್ರ ಆನೆಯ ಬೆಲೆಯದು, ಮಣ್ಣು ಆಟಿಕೆ ಅಂಗಡಿಯದು. ಅವತ್ತು ಗಾಬರಿಯಲ್ಲಿ ಮಣ್ಣು ಒತ್ತಿದೆ, ಪುಡಿ ಹಾಕುವುದನ್ನೇ ಮರೆತೆ. ನಕ್ಷೆ ಬಂತು. ಸತುವಿನ ಪೀಕುಗಳೆಲ್ಲ ಮಾಯ. ನನ್ನ ಹೊಸ ರೂಪ ಮಾತ್ರ ಮೊದಲಿಗಿಂತ ಎತ್ತರಕ್ಕೆ ನಿಂತಿತ್ತು. ಪೀಕುಗಳ ಪಟ್ಟಿಯಲ್ಲಿ ಹುಡುಕಿದರೆ, ಅದು ಮಣ್ಣಿಗೆ ಬೆರೆಸುವ ಸೀಮೆಸುಣ್ಣದ ಪೀಕು. ನನಗೆ ಅಳುವೇ ಬಂತು.

ನಕ್ಷೆ ನೋಡಿದ ಗೈಡ್ ಬಾಗಿಲು ಹಾಕಿದರು. “ಪುಡಿ ಇಲ್ಲದೆ ಅಳೆ ಅಂತ ನಿನಗೆ ಯಾರು ಹೇಳಿದ್ದು?”

“ಮರೆತೆ ಸರ್.”

“ಹಾಗಾದ್ರೆ ಇದನ್ನೂ ಮರೆತುಬಿಡು.”

ಮರುದಿನ ಹೊರಗಿನ ಪರೀಕ್ಷಕರು ಬಂದರು, ಭಾರಿ ಹೆಸರಿನವರು. ಹಿಂದಿನ ಸಾಲಿನಲ್ಲಿ ಅಮ್ಮ ಇಸ್ತ್ರಿ ಸೀರೆ ಉಟ್ಟು ಕೂತಿದ್ದಳು.

“ಮೊದಲು ನಾನೂ ನಂಬಿರಲಿಲ್ಲ,” ಎಂದರು ಪರೀಕ್ಷಕರು. “ನಮ್ಮ ಲ್ಯಾಬಲ್ಲೂ ಮಾಡಿಸಿ ನೋಡಿದೆ. ಅದೇ ಪೀಕು, ಅದೇ ಜಾಗದಲ್ಲಿ. ಅನುಮಾನವೇ ಇಲ್ಲ.”

ಎತ್ತು ಈದಿದೆ ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರನ್ನು ಕಂಡಿದ್ದೆ. ಇವರು ಕರುವನ್ನೂ ಜೊತೆಗೆ ತಂದಿದ್ದರು. ಚಪ್ಪಾಳೆ ಬಿತ್ತು. ಗೈಡ್ ನನ್ನತ್ತ ನೋಡಿ ತಲೆಯಾಡಿಸಿದರು. ಕೈಮುಗಿದು ಕೂತಿದ್ದರೆ ಸಂಜೆಯೊಳಗೆ ನಾನು ಡಾಕ್ಟರು. ಆದರೆ ಇನ್ಯಾವಳೋ ಪಾಪದವಳು ಈ ಪೀಕಿನ ಹಿಂದೆ ಐದು ವರ್ಷ ಸವೆಯುತ್ತಾಳೆಂದು ನೆನೆದು ಮೈ ಉರಿಯಿತು.

“ಸರ್, ಪುಡಿ ಕೆಳಗೆ ನೀವು ಯಾವ ಬಣ್ಣದ ಮಣ್ಣು ಒತ್ತುತ್ತೀರಿ?”

“ಹಸಿರು,” ಎಂದವರು, ಬಾಯಿ ಮುಚ್ಚಲು ಮರೆತರು.

“ನಮ್ಮದು ನೀಲಿ ಸರ್. ಎರಡರಲ್ಲೂ ಸೀಮೆಸುಣ್ಣ ಇರುತ್ತೆ.”

ಪದವಿ ಅಲ್ಲಿಗೇ ನಿಂತಿತು. ಮೆಟ್ಟಿಲಿಳಿಯುವಾಗ ಅಮ್ಮ ಕೇಳಿದಳು, “ಚಪ್ಪಾಳೆ ಹೊಡೆದವರು ಯಾಕೇ ಸುಮ್ಮನಾದ್ರು? ಏನು ಸಿಕ್ಕಿತ್ತು ನಿನಗೆ?”

“ಸುಣ್ಣ ಕಣಮ್ಮ,” ಎಂದೆ. “ಗೋಡೆ ಕೆರೆದಿದ್ರೂ ಸಿಗ್ತಿತ್ತು.”