ಕಳೆಯದೆ ಬಿಟ್ಟ ನೀರು

ಗ್ಯಾರೇಜಿಗೆ ಬರುವವರೆಲ್ಲ ಅವನನ್ನು ಪ್ರೊಫೆಸರ್ ಎಂದೇ ಕರೆಯುತ್ತಿದ್ದರು. ಅದರಲ್ಲಿ ಗೌರವ ನಾಲ್ಕಾಣೆ, ಗೇಲಿ ಹನ್ನೆರಡಾಣೆ ಎಂಬುದು ಅವನಿಗೂ ಗೊತ್ತಿತ್ತು. ಅವನು ನಾಲ್ಕಾಣೆಯನ್ನಷ್ಟೇ ಎತ್ತಿಕೊಂಡು ಸುಖವಾಗಿದ್ದ.

ಬಾನೆಟ್ ಎತ್ತುವ ಮೊದಲು ಅರ್ಧ ಗಂಟೆ ಪಾಠ. ಎಥೆನಾಲ್ ಬೆರೆಸಿದ ಇಂಧನ ಹಾಕಿದರೆ ಟರ್ಬೊ ಎಷ್ಟು ಗಾಳಿ ತುರುಕಿದರೂ ಎಂಜಿನ್ ಕಟಕಟ ಅನ್ನುವುದಿಲ್ಲ. ಆದರೆ ಬರೀ ಪೆಟ್ರೋಲಿಗಿಂತ ಹೆಚ್ಚು ಸುರಿಯಬೇಕು. ಎಷ್ಟು ಹೆಚ್ಚು ಎಂಬುದು ಎಥೆನಾಲ್ ಎಷ್ಟು ಪಾಲಿದೆ ಎನ್ನುವುದರ ಮೇಲೆ. ಅದನ್ನು ಅಳೆಯುವ ಸೆನ್ಸರ್ ಅಂಗಡಿಯಲ್ಲೇ ಸಿಗುತ್ತಿತ್ತು. ಗಿರಾಕಿಗಳ ಕಾರಿಗೆಲ್ಲ ಅದನ್ನು ಕೂರಿಸುತ್ತಿದ್ದ ಪ್ರೊಫೆಸರ್, ತನ್ನ ಕಾರಿಗೆ ಮಾತ್ರ ಹಾಕಿರಲಿಲ್ಲ.

"ನನ್ ಕಾರಿಗೆ ಸೆನ್ಸರ್ ಯಾಕೆ? ನಾನಿಲ್ವಾ?"

ಅವನ ಬಳಿ ಗೆರೆ ಹಾಕಿದ ಗಾಜಿನ ನಳಿಕೆಯೊಂದಿತ್ತು. ಐವತ್ತರ ಗೆರೆಯವರೆಗೆ ನೀರು, ಅದರ ಮೇಲೆ ನೂರರವರೆಗೆ ಇಂಧನ. ಕುಲುಕಿ ಇಟ್ಟರೆ ಎಥೆನಾಲ್ ನೀರಿನೊಂದಿಗೆ ಸೇರಿ ಕೆಳಗಿಳಿಯುತ್ತದೆ, ಪೆಟ್ರೋಲ್ ಮೇಲೆ ನಿಲ್ಲುತ್ತದೆ. ನೀರಿನ ಮಟ್ಟ ಎಷ್ಟು ಏರಿತೋ ಅದರ ಎರಡರಷ್ಟು ಎಥೆನಾಲ್‌ನ ಶೇಕಡಾ ಪಾಲು. ಆ ಅಂಕಿಯನ್ನು ಲ್ಯಾಪ್‌ಟಾಪಿನಿಂದ ಎಂಜಿನ್ನಿಗೆ ತಿಳಿಸಿದರೆ ಅದು ತಕ್ಕಷ್ಟು ಇಂಧನ ಸುರಿದುಕೊಳ್ಳುತ್ತದೆ.

ಆ ನಳಿಕೆ ಕೊಟ್ಟವಳು ಹೆಂಡತಿ. ಅವಳು ಡೇರಿಯ ಲ್ಯಾಬಿನಲ್ಲಿ ಹಾಲು ಪರೀಕ್ಷೆ ಮಾಡುವವಳು. ಹಾಲಿಗೆ ಬೆರೆಸಿದ ನೀರನ್ನು ಹದಿನಾಲ್ಕು ವರ್ಷದಿಂದ ಹಿಡಿಯುತ್ತಿದ್ದವಳು. ಸೋಮವಾರ ಒಂಬತ್ತಕ್ಕೆ, ನಲವತ್ತು ಕಿಲೋಮೀಟರ್ ದೂರದ ಮುಖ್ಯ ಕಚೇರಿಯಲ್ಲಿ, ಲ್ಯಾಬಿನ ಮುಖ್ಯಸ್ಥೆಯ ಹುದ್ದೆಗೆ ಅವಳ ಸಂದರ್ಶನ. ಹಿಂದಿನ ಸಲ ಜ್ವರ ಬಂದು ತಪ್ಪಿತ್ತು. ಮತ್ತೆ ಕರೆ ಬರಲು ಮೂರು ವರ್ಷ ಹಿಡಿದಿತ್ತು.

"ಆರೂವರೆ ಬಸ್ಸಿಗೆ ಹೋಗ್ಬಿಡ್ತೀನಿ ರೀ," ಎಂದಿದ್ದಳು ಭಾನುವಾರ.

"ಮನೇಲಿ ಟರ್ಬೊ ಕಾರ್ ಇಟ್ಕೊಂಡು ಬಸ್ಸಾ? ಹೊಸದಾಗಿ ಟ್ಯೂನ್ ಮಾಡಿದೀನಿ ಕಣೆ. ಬೆಣ್ಣೇಲಿ ಕೂದಲು ಎಳೆದ ಹಾಗೆ ಹೋಗುತ್ತೆ, ನೋಡ್ತಿರು."

ಸೋಮವಾರ ಎಂಟಕ್ಕೆ ಕೀಲಿ ತಿರುಗಿಸಿದ. ಕಾರು ಕುರ್ ಕುರ್ ಅಂದು ಸುಮ್ಮನಾಯಿತು. ಇನ್ನೊಮ್ಮೆ, ಮತ್ತೊಮ್ಮೆ. ಇಂಧನದ ವಾಸನೆ ಗಮ್ಮನೆ ಒಳಗೆ ತುಂಬಿತು. ಪ್ರೊಫೆಸರ್ ಮೊದಲು ಚಳಿಯನ್ನು ಬೈದ, ಆಮೇಲೆ ಬ್ಯಾಟರಿಯನ್ನು, ಆಮೇಲೆ ಬಂಕಿನವನನ್ನು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆಯನ್ನು ಅವನು ಗಿರಾಕಿಗಳಿಗೆ ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದ. ಈಗ ಅದು ತಾನಾಗಿಯೇ ನೆನಪಾಯಿತು, ಕಿವಿ ಬಿಸಿಯಾಯಿತು.

ಬಸ್ಸು ಹೋಗಿ ಒಂದೂವರೆ ಗಂಟೆಯಾಗಿತ್ತು. ಪಕ್ಕದಲ್ಲಿ ಹೆಂಡತಿ ತೊಡೆಯ ಮೇಲೆ ಫೈಲ್ ಇಟ್ಟುಕೊಂಡು ಗಡಿಯಾರ ನೋಡುತ್ತಿದ್ದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಅವಳು ಬೈಯಲಿಲ್ಲ, ಅದೇ ಅವನಿಗೆ ಭಯ ಹುಟ್ಟಿಸಿತು. ಅವಳ ಮೂರು ವರ್ಷವನ್ನು ತನ್ನ ಜಂಬಕ್ಕೆ ಬಲಿ ಕೊಟ್ಟೆನಲ್ಲ ಎಂದುಕೊಂಡ.

"ನಿನ್ನೆ ನಳಿಕೇಲಿ ಗೆರೆ ಎಷ್ಟಕ್ಕೆ ನಿಂತಿತ್ತು?" ಎಂದಳು ಇದ್ದಕ್ಕಿದ್ದಂತೆ.

"ಎಂಬತ್ತು."

"ಲ್ಯಾಪ್‌ಟಾಪಲ್ಲಿ ಎಷ್ಟು ಹಾಕಿದ್ರಿ?"

"ಎಂಬತ್ತು."

"ಸರಿ. ನೀರು ಎಷ್ಟು ಸುರಿದಿದ್ರಿ?"

ಪ್ರೊಫೆಸರ್ ಬೆರಳು ಮಡಿಚಿ ಎಣಿಸಿದ. ಐವತ್ತು ಅವನೇ ಸುರಿದದ್ದು. ಏರಿದ್ದು ಮೂವತ್ತು, ಎರಡರಷ್ಟು ಮಾಡಿದರೆ ಅರವತ್ತು. ನಿನ್ನೆ ಬಿಸಿಯಾಗಿದ್ದ ಎಂಜಿನ್, ಹೊಗೆಕೊಳವೆಯಲ್ಲಿ ಕಂಪನಿಯೇ ಕೂರಿಸಿದ್ದ ಬೇರೊಂದು ಸೆನ್ಸರ್ ನೋಡಿಕೊಂಡು ಯಜಮಾನನ ತಪ್ಪನ್ನು ಮುಚ್ಚಿಹಾಕಿತ್ತು. ತಣ್ಣಗಿರುವಾಗ ಅದಕ್ಕೆ ಆ ಬುದ್ಧಿ ಇರುವುದಿಲ್ಲ. ಯಜಮಾನ ಹೇಳಿದಷ್ಟೂ ಕುಡಿದು, ಕಿಡಿ ಹೊತ್ತಿಸುವ ಪ್ಲಗ್ ತೋಯಿಸಿಕೊಂಡು ಕೂತಿತ್ತು.

ಲ್ಯಾಪ್‌ಟಾಪ್ ತೆರೆದು ಅರವತ್ತು ಎಂದು ತಿದ್ದಿದ. ಸ್ಟಾರ್ಟ್ ಮಾಡುವಾಗ ಆಕ್ಸಿಲರೇಟರನ್ನು ತಳದವರೆಗೆ ಒತ್ತಿದರೆ ಇಂಧನ ನಿಂತು ಬರೀ ಗಾಳಿ ನುಗ್ಗುತ್ತದೆ; ಹಾಗೆ ಒತ್ತಿ ಹಿಡಿದು ಕೀಲಿ ತಿರುಗಿಸಿದ. ಕಾರು ಕೆಮ್ಮಿತು, ಬೀದಿಯ ತುಂಬ ಕಪ್ಪು ಹೊಗೆ ಬಿಟ್ಟಿತು, ಆಮೇಲೆ ದೊಡ್ಡ ಮನಸ್ಸು ಮಾಡಿ ಸ್ಟಾರ್ಟ್ ಆಯಿತು.

ನಲವತ್ತು ಕಿಲೋಮೀಟರ್ ಟರ್ಬೊ ಒಂದೇ ಮಾತಾಡಿದ್ದು. ಒಂಬತ್ತಕ್ಕೆ ನಾಲ್ಕು ನಿಮಿಷವಿರುವಾಗ ಅವಳು ಇಳಿದು ಓಡಿದಳು. ಪ್ರೊಫೆಸರ್ ಕಾರಿನಲ್ಲೇ ಕೂತು, ತಾನು ನಂಬದ ದೇವರುಗಳಿಗೆಲ್ಲ ಕೈಮುಗಿದ.

ಹನ್ನೊಂದಕ್ಕೆ ಹೊರಬಂದವಳ ಮುಖ ನೋಡಿಯೇ ಕೆಲಸ ಸಿಕ್ಕಿತೆಂದು ತಿಳಿಯಿತು. ಅವನ ಕಣ್ಣು ತುಂಬಿ ಬಂತು.

"ಏನ್ ಕೇಳಿದ್ರು?"

"ಲ್ಯಾಬಲ್ಲಿ ತುಂಬ ತಿಳಿದವರು ಮಾಡೋ ತಪ್ಪು ಯಾವುದು ಅಂತ ಕೇಳಿದ್ರು. ಅಳೆಯೋದನ್ನ ಸರಿಯಾಗೇ ಅಳೀತಾರೆ, ತಾವು ಸುರಿದಿದ್ದನ್ನ ಕಳೆಯೋಕೆ ಮರೀತಾರೆ ಅಂದೆ."

"ಭೇಷ್! ಆಮೇಲೆ?"

"ಉದಾಹರಣೆ ಕೊಡಿ ಅಂದ್ರು."

"ಏನ್ ಕೊಟ್ಟೆ?"

ಅವಳು ಸೀಟ್ ಬೆಲ್ಟ್ ಹಾಕಿಕೊಂಡಳು.

"ಕಿಟಕಿಯಿಂದ ನೋಡಿ, ಕಾರಲ್ಲಿ ಕೂತಿದ್ದಾರೆ ಅಂದೆ."